ದೃಷ್ಟಿಗೆ ಬಿಟ್ಟ ಅರ್ಧ ಕಿಲೋ

ಬೆಳಗಾವಿಯ ಅನಗೋಳದ ಮದರಬೀ ೧೯೮೭ರ ಫೆಬ್ರುವರಿ ಹನ್ನೆರಡರ ಗುರುವಾರ ಬೆಳಿಗ್ಗೆ ತೀರಿಕೊಂಡಳು. ವಯಸ್ಸು ಐವತ್ತು, ಇಲ್ಲವೇ ಅದರ ಆಸುಪಾಸು. ಹಾಸಿಗೆಯಿಂದ ಏಳಲಿಲ್ಲ, ಅಷ್ಟೇ.

ಸುದ್ದಿ ಟಿಳಕವಾಡಿಗೆ ಬಂದಾಗ ಗಂಗಾದೇವಿ ಆಫೀಸಿನ ಬೀಗ ತೆಗೆಯುತ್ತಿದ್ದಳು. ಹೇಳಿ ಕಳಿಸಿದವಳು ಮದರಬೀಯ ಸೊಸೆ. ಗಂಗಾದೇವಿ "ಆತು" ಎಂದಳು. ಒಳಗೆ ಹೋಗಿ ಕಿಟಕಿಗಳನ್ನು ತೆರೆದಳು, ಮೇಜು ಒರೆಸಿದಳು, ಗಡಿಯಾರಕ್ಕೆ ಕೀಲಿ ಕೊಟ್ಟಳು. ಆಮೇಲೆ ಒಂದೊಂದಾಗಿ ಅದೇ ಕಿಟಕಿಗಳನ್ನು ಮುಚ್ಚಿ, ಬೀಗ ಹಾಕಿ, ಅನಗೋಳಕ್ಕೆ ನಡೆದುಕೊಂಡು ಹೋದಳು.

ಮದರಬೀಯ ಅಡುಗೆಮನೆಯಲ್ಲಿ ಒಂದು ಹಲಗೆ ಉಳಿದವಕ್ಕಿಂತ ಎತ್ತರದಲ್ಲಿತ್ತು. ಅದರ ಮೇಲೆ ಒಂದು ಹೆಂಚು, ಒಂದು ಪಾತೇಲಿ, ಮೂರು ಖಾನೆಯ ಒಂದು ಡಬ್ಬಿ. ಆ ಮನೆಯಲ್ಲಿ ಬೇಯುವ ಮಾಂಸದ ಒಂದು ಹನಿಯೂ ಅವಕ್ಕೆ ತಾಗಿರಲಿಲ್ಲ. ಹನ್ನೆರಡು ವರ್ಷ ಅವು ಗಂಗಾದೇವಿಯವು. ಇಟ್ಟುಕೋ ಎಂದು ಗಂಗಾದೇವಿ ಕೇಳಿಕೊಂಡದ್ದಿಲ್ಲ. ಜೊತೆಯಾಗಿ ಖಾನಾಪುರದ ರೈಲು ಹತ್ತಿದ ಎರಡನೆಯ ದಿನವೇ ಮದರಬೀ ಡಬ್ಬಿಯನ್ನು ಮುಂದೆ ಸರಿಸಿ, "ಇದು ನಿಂದು. ಹೆಂಚೂ ಹೊಸಾದು. ಸುಮ್ಮನ ತಿನ್ನು, ಮೀನಮೇಷ ಎಣಿಸಬ್ಯಾಡ" ಎಂದಿದ್ದಳು. ಈಗ ಡಬ್ಬಿ ತೊಳೆದು ಬೋರಲು ಹಾಕಿದ್ದು ಹಾಗೆಯೇ ಇತ್ತು.

ಮದರಬೀಯ ಗಂಡ ಬುಡನಸಾಬ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಅವನು ತೀರಿಹೋದ ಮೇಲೆ ಅವಳು ಒಂದು ದವಾಖಾನೆಯಲ್ಲಿ ಆಯಾ ಆಗಿ ಸೇರಿದಳು. ಉರ್ದು ಸಾಲಿಯ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಮೂರರಲ್ಲೂ ಅವಳ ಬಾಯಿ ಒಂದೇ ಸಮ ಹರಿಯುತ್ತಿತ್ತು. ಬರೆಯಲು ಮಾತ್ರ ಉರ್ದು ಒಂದೇ. ಅಳುವ ಕೂಸು ಅವಳ ತೋಳಿಗೆ ಬಂದರೆ ಸುಮ್ಮನಾಗುತ್ತಿತ್ತು. ಇದನ್ನು ನೋಡಿಯೇ ಎಪ್ಪತ್ತಮೂರರಲ್ಲಿ ದೊಡ್ಡ ಡಾಕ್ಟರು ಅವಳನ್ನು ತಮ್ಮ ಅಧ್ಯಯನಕ್ಕೆ ಕರೆದುಕೊಂಡರು.

ಅಧ್ಯಯನ ನಡೆದದ್ದು ಖಾನಾಪುರ ತಾಲೂಕಿನ ಎರಡು ಹಳ್ಳಿಗಳಲ್ಲಿ. ಒಂದು ಮಲಪ್ರಭೆಯ ದಂಡೆಯ ಹೊಳೆವಾಡ. ಇನ್ನೊಂದು ಅಲ್ಲಿಂದ ಮೂರು ಮೈಲಿ ಒಳಗೆ, ಕಾಡಿನ ಕಡೆಗಿರುವ ಬಸರಿಕೊಪ್ಪ. ಹೊಳೆವಾಡದ ಸಣ್ಣ ಮಕ್ಕಳಿಗೆ ದಿನಕ್ಕೊಂದು ಉಂಡೆ ಕೊಡುವುದು. ಶೇಂಗಾ, ಪುಠಾಣಿ, ಬೆಲ್ಲ, ಹಾಲಿನ ಪುಡಿ ಕೂಡಿಸಿ ಕಟ್ಟಿದ್ದು. ಬಸರಿಕೊಪ್ಪದ ಮಕ್ಕಳಿಗೆ ಜಡ್ಡಾದರೆ ಔಷಧ, ತಿಂಗಳಿಗೊಮ್ಮೆ ತೂಕ, ಅಷ್ಟೇ. ಎರಡು ವರ್ಷ ಕಳೆದ ಮೇಲೆ ಉಂಡೆಯಿಂದ ಗುಣ ಕಂಡರೆ ಬಸರಿಕೊಪ್ಪಕ್ಕೂ ಕೊಡುತ್ತೇವೆ ಎಂದು ದೊಡ್ಡ ಡಾಕ್ಟರು ಆ ಊರ ಗುಡಿಯ ಕಟ್ಟೆಯ ಮೇಲೆ ನಿಂತು ಮಾತು ಕೊಟ್ಟಿದ್ದರು.

ತೂಗುವವರು ಒಬ್ಬರು, ಬರೆಯುವವರು ಒಬ್ಬರು. ಗಡಿಯಾರದ ಮುಖದಂಥ ತಕ್ಕಡಿಯನ್ನು ಯಾರದಾದರೂ ಪಡಸಾಲೆಯ ಜಂತಿಗೆ ತೂಗುಹಾಕಿ, ಕೆಳಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನು ಕೂಡಿಸಿ, ಮದರಬೀ ಮುಳ್ಳು ನೋಡಿ ಕೂಗಬೇಕು. ಬರೆಯುವವರು ಆ ಕಡೆ ಬೆನ್ನು ಮಾಡಿ ಕುಳಿತು ಕೇಳಿದ್ದನ್ನು ಕಾರ್ಡಿನಲ್ಲಿ ಬರೆಯಬೇಕು. ತಾವು ಬಯಸಿದ ಅಂಕಿ ಕಣ್ಣಿಗೆ ಕಾಣಬಾರದೆಂದು ದೊಡ್ಡ ಡಾಕ್ಟರು ಮಾಡಿದ್ದ ಕಟ್ಟಳೆ ಅದು.

ಹೊಳೆವಾಡದಲ್ಲಿ ಈ ಕೂಗುವುದೇ ತೊಡಕಾಯಿತು. ಉಂಡೆ ತಿಂದ ಮಕ್ಕಳು ಮೈ ಹಿಡಿಯತೊಡಗಿದ್ದವು. ಒಂದು ದಿನ ನಿಂಗವ್ವ ಎಂಬ ಅಜ್ಜಿಯ ಮೊಮ್ಮಗ ಜೋಳಿಗೆಯಲ್ಲಿದ್ದಾಗ ಮದರಬೀ "ಹತ್ತೂವರಿ" ಎಂದು ಕೂಗಿದಳು. ಅಜ್ಜಿ ಕೂಸನ್ನು ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿದಳು.

"ಇಷ್ಟ ಮಂದ್ಯಾಗ ನನ್ನ ಮೊಮ್ಮಗನ ಭಾರ ಒದರತೀಯಲ್ಲ ಬೂಬವ್ವ, ಊರ ಕಣ್ಣೆಲ್ಲಾ ಇವನ ಮ್ಯಾಲ ಬೀಳಲೆಂತೇನು?"

ಆ ಕೂಸಿಗೆ ಮರುದಿನ ಜ್ವರ ಬಂತು. ಮುಂದಿನ ತಿಂಗಳು ತೂಕಕ್ಕೆ ಬಂದವು ಮೂರೇ ಮಕ್ಕಳು.

ಆಗ ಬರೆಯುವ ಕೆಲಸದಲ್ಲಿದ್ದವನು ಗುರುಪುತ್ರಪ್ಪ, ಖಾನಾಪುರದ ಹುಡುಗ. ಇಬ್ಬರೂ ಕೂಡಿ ಒಂದು ದಾರಿ ಹುಡುಕಿದರು. ಮದರಬೀ ಅರ್ಧ ಕಿಲೋ ಕಡಿಮೆ ಮಾಡಿ ಕೂಗುವುದು. ಗುರುಪುತ್ರಪ್ಪ ಅರ್ಧ ಕೂಡಿಸಿ ಬರೆಯುವುದು. "ಅರ್ಧಾ ದೃಷ್ಟಿ ಪಾಲು" ಎಂದು ಮದರಬೀ ಅದಕ್ಕೊಂದು ಹೆಸರೂ ಇಟ್ಟಳು. ತಾಯಂದಿರು ಮತ್ತೆ ಬಂದರು. ನಿಂಗವ್ವಳಂತೂ "ಹತ್ತ ಅಷ್ಟ ಏನು? ಉಂಡಿ ಸಣ್ಣವು ಮಾಡಾಕತ್ತೀರೇನು?" ಎಂದು ಖುಷಿಯಿಂದಲೇ ಜಗಳ ತೆಗೆಯುತ್ತಿದ್ದಳು.

ಬಸರಿಕೊಪ್ಪದಲ್ಲಿ ಈ ಉಪಾಯ ಬೇಕಾಗಲಿಲ್ಲ. ಮೊದಲ ಸಲ ಅಲ್ಲಿ ಮದರಬೀ ಕೂಗಲು ಹಿಂಜರಿದಾಗ ಶಿವಬಸವ್ವ ಎಂಬ ತಾಯಿ ತನ್ನ ಎರಡು ವರ್ಷದ ರೇಣವ್ವನನ್ನು ಜೋಳಿಗೆಗೆ ಇಳಿಸುತ್ತ ನಕ್ಕಿದ್ದಳು. "ಇದ್ದಷ್ಟು ಹೇಳ್ರಿ ಬೂಬವ್ವ. ಇದರ ಎಲುವಿನ ಮ್ಯಾಲ ಯಾರ ಕಣ್ಣು ಬೀಳತಾವು?"

ಎಪ್ಪತ್ತೈದರ ಜೂನ್ ಕೊನೆಗೆ ಗುರುಪುತ್ರಪ್ಪನಿಗೆ ಮಾಸ್ತರಿಕೆಯ ಆರ್ಡರು ಬಂತು. ಎರಡೇ ದಿನದಲ್ಲಿ ಹೊರಟುಹೋದ. ಅವನ ಜಾಗಕ್ಕೆ ಗಂಗಾದೇವಿ ಬಂದಳು. ಕೆಲಸ ಹೊಸದು, ಮಳೆ, ಕೆಸರು, ಹಳ್ಳಿಯ ಮಂದಿ. ಬೆನ್ನು ಮಾಡಿ ಕುಳಿತು ಕೇಳಿದ್ದನ್ನು ಬರೆದಳು. ಮೂರು ತಿಂಗಳು. ಸಪ್ಟೆಂಬರಿನಲ್ಲಿ ಕೊನೆಯ ತೂಕ ಮುಗಿಸಿ ಕಾರ್ಡುಗಳನ್ನು ಕಟ್ಟಿ ಕೊಟ್ಟರು. ದೊಡ್ಡ ಡಾಕ್ಟರು ಲೆಕ್ಕ ಹಾಕಿ, ಮಳೆಗಾಲದ ಬೇನೆಗಳು ಬಂದರೆ ಉಂಡೆಯ ಗುಣ ನಿಲ್ಲುವುದಿಲ್ಲ ಎಂದು ಬರೆದರು. ಬಸರಿಕೊಪ್ಪಕ್ಕೆ ಉಂಡೆ ಹೋಗಲಿಲ್ಲ. ಅದರ ಕಾರಣ ಇಬ್ಬರು ಹೆಂಗಸರಿಗೂ ಯಾರೂ ಹೇಳಲಿಲ್ಲ. ರೊಕ್ಕ ಮುಗಿದಿರಬೇಕು ಎಂದುಕೊಂಡರು.

ಅಧ್ಯಯನ ಮುಗಿದರೂ ಡಬ್ಬಿ ಮುಗಿಯಲಿಲ್ಲ. ಗಂಗಾದೇವಿ ಬೇರೊಂದು ವಿಭಾಗದಲ್ಲಿ ಕಾರಕೂನಳಾದಳು, ಮದರಬೀ ದವಾಖಾನೆಗೆ ಮರಳಿದಳು. ರಮಜಾನಿನಲ್ಲಿ, ಬಸವ ಜಯಂತಿಯಲ್ಲಿ, ಗಂಗಾದೇವಿಯ ಬಾಣಂತನದಲ್ಲಿ, ಮದರಬೀಯ ಮಗನ ಮದುವೆಯಲ್ಲಿ ಇಬ್ಬರೂ ಒಬ್ಬರ ಮನೆಯಲ್ಲಿ ಒಬ್ಬರಿದ್ದರು.

ಎಂಬತ್ತಾರರಲ್ಲಿ ಆ ಮಕ್ಕಳನ್ನೇ ಮತ್ತೆ ಹುಡುಕಿ ಅಳೆಯಬೇಕೆಂದು ಹೊಸ ಡಾಕ್ಟರಬಾಯಿ ಒಬ್ಬರು ಬಂದರು. ಎಳವೆಯಲ್ಲಿ ತಿಂದದ್ದು ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮೈಗೆ ಎಷ್ಟು ಉಳಿದಿದೆ ಎಂಬುದು ಅವರ ಪ್ರಶ್ನೆ. ಟಿಳಕವಾಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಹಳೆಯ ಕಪಾಟು ಬಂತು, ಗಂಗಾದೇವಿ ಬಂದಳು. ಮಕ್ಕಳನ್ನು ಹುಡುಕುವುದು ಹೇಗೆ ಎಂದು ಡಾಕ್ಟರಬಾಯಿ ಕೇಳಿದಾಗ ಗಂಗಾದೇವಿ, "ಹುಡುಕೂದು ಬ್ಯಾಡ್ರಿ, ಮದರಬೀ ಅದಾಳ" ಎಂದಳು.

ಅದು ಖರೇ ಆಗಿತ್ತು. ಹೆಸರು ಬದಲಾಗಿದ್ದವು, ಮನೆ ಬದಲಾಗಿದ್ದವು. ಮದರಬೀ ಮಕ್ಕಳನ್ನು ಕಿವಿಯ ಹಿಂದಿನ ಮಚ್ಚೆಯಿಂದ, ಸುಟ್ಟ ಕಲೆಯಿಂದ, ನಗುವಾಗ ಒಂದೇ ಕಡೆ ಬೀಳುವ ಕುಳಿಯಿಂದ ಗುರುತು ಹಿಡಿದಳು. ಹೊಳೆವಾಡದಲ್ಲಿ ಮೀಸೆ ಮೂಡುತ್ತಿದ್ದ ಒಬ್ಬ ಹುಡುಗ ತೂಕದ ಮಣೆಯ ಮೇಲೆ ಎದೆ ಉಬ್ಬಿಸಿ ನಿಂತ. ಅವನು ನಿಂಗವ್ವಜ್ಜಿಯ ಮೊಮ್ಮಗನೇ.

"ನೀನೇನಪಾ? ನನ್ನ ಮೂರು ಸೀರಿ ಮ್ಯಾಲ ಉಚ್ಚಿ ಹೊಯ್ದಾಂವ. ಉಸಿರು ಬಿಡು ಮೊದಲ, ಉಸಿರಿಗೆ ತೂಕ ಇಲ್ಲ" ಎಂದಳು ಮದರಬೀ. ಹುಡುಗಿಯರೆಲ್ಲ ಬಾಯಿಗೆ ಕೈ ಹಿಡಿದು ನಕ್ಕರು. ಹುಡುಗ ಕೆಂಪಗಾದ.

ನವೆಂಬರಿನ ಒಂದು ಮಧ್ಯಾಹ್ನ ಡಾಕ್ಟರಬಾಯಿ ಹಳೆಯ ಕಾರ್ಡುಗಳಿಂದ ಒಂದು ನಕ್ಷೆ ಬರೆದು ಮೇಜಿನ ಮೇಲೆ ಹರವಿದ್ದರು. ಹೊಳೆವಾಡದ ಗೆರೆ ಏರುತ್ತ ಏರುತ್ತ ಬಂದು, ಎಪ್ಪತ್ತೈದರ ಜುಲೈನಲ್ಲಿ ಮೆಟ್ಟಿಲು ಇಳಿದಂತೆ ಇಳಿದಿತ್ತು.

"ಮದರಬೀ, ಆ ಮಳಿಗಾಲದಾಗ ಹೊಳೆವಾಡಕ್ಕ ಏನರ ದೊಡ್ಡ ಜಡ್ಡು ಬಂದಿತ್ತೇನು? ಒಂದ ತಿಂಗಳದಾಗ ಎಲ್ಲಾ ಮಕ್ಕಳೂ ಅರ್ಧ ಕಿಲೋ ಇಳದಾರ. ಇದನ್ನ ನೋಡೇ ದೊಡ್ಡ ಡಾಕ್ಟರು ಬಸರಿಕೊಪ್ಪದ ಉಂಡಿ ಬಿಟ್ಟುಬಿಟ್ರು."

"ಜಡ್ಡು ಬಂದಿದ್ದಿಲ್ರಿ ಬಾಯಾರ" ಎಂದಳು ಮದರಬೀ. ನಕ್ಷೆಯ ಮೇಲಿನ ಆ ಮೆಟ್ಟಿಲನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಕೇಳಿದಳು. "ಗಂಗಾ, ನಾ ಕೂಗಿದ್ದಕ್ಕ ಅರ್ಧಾ ಕೂಡಿಸಿ ಬರೀತಿದ್ದಿ, ಹೌದಲ್ಲ?"

"ಯಾವ ಅರ್ಧಾ ಆಪಾ?"

ಮದರಬೀ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಕುಳಿತೇ ಎಲ್ಲ ಹೇಳಿದಳು. ಗುರುಪುತ್ರಪ್ಪ ಹೋಗುವ ಮುನ್ನ ಹೇಳಿರುತ್ತಾನೆ ಎಂದು ತಾನು ತಿಳಿದಿದ್ದೆ ಎಂದಳು. ಗಂಗಾದೇವಿ ಒಳಗೆ ಹೋಗಿ ಕಪಾಟು ತೆಗೆದಳು. ಹೊಳೆವಾಡದ ಕಾರ್ಡುಗಳಲ್ಲಿ ಗುರುಪುತ್ರಪ್ಪ ಬರೆದ ಪ್ರತಿ ತೂಕದ ಬದಿಗೆ ಪೆನ್ಸಿಲಿನ ಒಂದು ಸಣ್ಣ ಗೀಟು ಇತ್ತು; ಅರ್ಧ ಕೂಡಿಸಿದ್ದೇನೆ ಎಂಬ ಗುರುತು. ಹೊಸದರಲ್ಲಿ ಅವನ್ನು ಅವಳು ನೋಡಿದ್ದಳು, ಏನೋ ಕೈಚಾಳಿ ಎಂದುಕೊಂಡಿದ್ದಳು. ಜುಲೈನಿಂದ ಅಕ್ಷರ ಅವಳದು. ಗೀಟು ಇಲ್ಲ.

ಗಂಗಾದೇವಿ ಹೊರಗೆ ಬಂದು ಅವಳ ಬಾಜೂ ಕುಳಿತಳು. ಎಲ್ಲಿಂದಲೋ ಧೈರ್ಯ ತಂದುಕೊಂಡು ಹೇಳಿದಳು. "ಆಪಾ, ಹನ್ನೊಂದು ವರ್ಷ ಆತು. ಯಾರಿಗೂ ಗೊತ್ತಿಲ್ಲ. ಡಾಕ್ಟರಬಾಯಿ ಮಳೀಗೆ ಹಚ್ಚತಾರ, ಮಳೀಗೆ ಹಚ್ಚಲಿ. ಹೇಳಿದ್ರ ನಿನ್ನ ಕೆಲಸ ಹೋಗತದ. ನಂದೂ."

"ನಿಂದು ಹೋಗಂಗಿಲ್ಲ. ನೀ ಕೇಳಿದ್ದು ಬರದಿ."

"ನಿಂದು?"

"ನಂದು ಹೋದ್ರ ಹೋಗಲಿ." ಮದರಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ದೃಷ್ಟಿ ತಾಗಬಾರದಂತ ಹೊಳೆವಾಡದ ಮಕ್ಕಳ ತೂಕದಾಗಿಂದ ಅರ್ಧಾ ತಗದೆ. ಅದು ಹೋಗಿ ಬಸರಿಕೊಪ್ಪದ ಮಕ್ಕಳ ಹೊಟ್ಟ್ಯಾಗಿಂದ ತಗದಂಗಾತು. ಆ ಮಕ್ಕಳನ್ನ ಮತ್ತ ನಾನ ಮಣಿ ಮ್ಯಾಲ ನಿಲ್ಲಸಬೇಕು. ಹೆಂಗ ನಿಲ್ಲಸಲಿ?"

ಗಂಗಾದೇವಿ ಆ ದಿನ ಅವಳೊಡನೆ ಮಾತಾಡದೆ ಮನೆಗೆ ಹೋದಳು. ಹನ್ನೆರಡು ವರ್ಷದಲ್ಲಿ ಅದೊಂದೇ ದಿನ. ಈಗ ನೆನೆದರೆ ಅವಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ.

ಮರುದಿನ ಇಬ್ಬರೂ ಕೂಡಿಯೇ ಡಾಕ್ಟರಬಾಯಿಯ ಮುಂದೆ ನಿಂತರು. ಡಾಕ್ಟರಬಾಯಿ ಚಸ್ಮಾ ತೆಗೆದು ಕಣ್ಣು ಒತ್ತಿಕೊಂಡರು. ಗೀಟುಗಳನ್ನು ಒಂದೊಂದಾಗಿ ನೋಡಿದರು. ಖಾನಾಪುರದ ಶಾಲೆಯಲ್ಲಿದ್ದ ಗುರುಪುತ್ರಪ್ಪ ಮಾಸ್ತರನನ್ನು ಕರೆಸಿದರು. "ನೀವು ಹೇಳಿರ್ತೀರಂತ ನಾ ತಿಳಕೊಂಡಿದ್ದೆ ಬೂಬವ್ವ" ಎಂದು ಅವನು ತಲೆ ತಗ್ಗಿಸಿದ. ಕೊನೆಗೆ ಡಾಕ್ಟರಬಾಯಿ ಹೇಳಿದ್ದು ಇಷ್ಟು: "ಇದನ್ನ ಇದ್ದಂಗ ಬರೀಬೇಕಾಗತದ. ಬರೀತೀನಿ. ನೀವು ಕೆಲಸ ಬಿಡಬ್ಯಾಡ್ರಿ. ಬಿಟ್ರ ನನಗ ಆ ಮಕ್ಕಳನ್ನ ತೋರಸವರು ಯಾರು?"

ಗಂಗಾದೇವಿ ಉಸಿರು ಬಿಟ್ಟಳು. ಮದರಬೀ ಬಿಡಲಿಲ್ಲ. ಅವಳಿಗೆ ಡಾಕ್ಟರಬಾಯಿಯ ಕ್ಷಮೆ ಸಾಕಾಗಿರಲಿಲ್ಲ.

ಡಿಸೆಂಬರಿನಲ್ಲಿ ಬಸರಿಕೊಪ್ಪಕ್ಕೆ ಹೋದರು. ಶಿವಬಸವ್ವ ಅಂಗಳದಲ್ಲಿ ಕುಳಿತು ಭತ್ತ ಕೇರುತ್ತಿದ್ದಳು. "ಬರ್ರಿ, ಕುಂದರ್ರಿ. ರೇಣವ್ವ ಇಲ್ಲ. ಖಾನಾಪುರದ ಹಂಚಿನ ಕಾರ್ಖಾನಿಗೆ ಹೊಕ್ಕಾಳ, ಅಲ್ಲೇ ಅವರ ಸೋದರತ್ತಿ ಮನ್ಯಾಗಿರತಾಳ" ಎಂದಳು. ಮದರಬೀ ಕೂಡಲಿಲ್ಲ. ನಿಂತೇ ಎಲ್ಲ ಹೇಳಿದಳು. ನಿಮ್ಮ ಊರಿಗೆ ಬರಬೇಕಾದ ಉಂಡಿ ನನ್ನ ಬಾಯಿಂದ ತಪ್ಪಿತು ಎಂದಳು.

ಮೊರ ನಿಂತಿತು. ಶಿವಬಸವ್ವ ಭತ್ತದಲ್ಲಿ ಕೈಯಾಡಿಸಿದಳು.

"ರೇಣವ್ವನ ಬೆನ್ನಿಗೆ ಒಬ್ಬಾಕಿ ಇದ್ಲು. ನೀವು ನೋಡೀರಿ. ಎಪ್ಪತ್ತಾರರಾಗ ಹೋದ್ಲು. ಉಂಡಿ ತಿಂದಿದ್ರ ಉಳೀತಿದ್ಲೋ ಏನೋ."

ಗಂಗಾದೇವಿ ಏನೋ ಹೇಳಲು ಹೋದಾಗ ಮದರಬೀ ಅವಳ ಮುಂಗೈ ಹಿಡಿದು ತಡೆದಳು.

ಶಿವಬಸವ್ವ ಎದ್ದು ಒಳಗೆ ಹೋದಳು. ಇನ್ನು ಹೊರಡುವುದೇ ಎಂದು ಗಂಗಾದೇವಿ ಚೀಲ ಎತ್ತಿಕೊಂಡಳು. ಆದರೆ ಶಿವಬಸವ್ವ ಎರಡು ಲೋಟ ಮಜ್ಜಿಗೆ ಹಿಡಿದುಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು.

"ಕುಡೀರಿ. ದೊಡ್ಡ ಡಾಕ್ಟರ ಕಟ್ಟಿ ಮ್ಯಾಲ ನಿಂತು ಮಾತು ಕೊಟ್ಟಾಂವ ಹೊಳ್ಳಿ ಬರಲಿಲ್ಲ. ನೀವು ಬಂದ್ರಿ." ಆಮೇಲೆ ಎಂದಿನ ದನಿಗೆ ಬಂದಳು. "ಆದ್ರ ಬೂಬವ್ವ, ನನ್ನ ಮಗಳ ತೂಕ ಮಾತ್ರ ಎಷ್ಟೈತಿ ಅಷ್ಟ ಬರಸ್ರಿ. ಹೆಚ್ಚೂ ಬ್ಯಾಡ, ಕಮ್ಮಿನೂ ಬ್ಯಾಡ."

"ಬರಸೂದಿಲ್ಲ" ಎಂದಳು ಮದರಬೀ. "ಬರೀತೀನಿ."

ಆ ವಾರವೇ ಮೊಮ್ಮಗಳ ಪಾಟಿ ತೆಗೆದುಕೊಂಡು ಕನ್ನಡ ಅಂಕಿ ತಿದ್ದಲು ಕುಳಿತಳು. ಐದು ಹತ್ತಿದರೆ ಆರು ತಪ್ಪುತ್ತಿತ್ತು. ಎಂಟಂತೂ ಹದಿನೈದು ದಿನ ಅವಳನ್ನು ಆಡಿಸಿತು. "ಈ ಎಂಟು ನೋಡು, ಕುಂಡಿ ಎತ್ತಿ ಕುಂತದ" ಎಂದು ಬೈಯುತ್ತಿದ್ದಳು. ಆರು ವರ್ಷದ ಮೊಮ್ಮಗಳು ಕೈಹಿಡಿದು ತಿದ್ದಿಸಿ, ತಪ್ಪಿದರೆ ಅಜ್ಜಿಯ ಬೆರಳ ಗೆಣ್ಣಿಗೆ ಬಳಪದಿಂದ ಹೊಡೆಯುತ್ತಿದ್ದಳು. ಜನವರಿಗೆ ಅಂಕಿ ಕೈಗೆ ಕುಳಿತವು. ಡಾಕ್ಟರಬಾಯಿಯ ಒಪ್ಪಿಗೆ ಪಡೆದು, ಅಂದಿನಿಂದ ಅವಳು ಕೂಗುವುದನ್ನು ಬಿಟ್ಟಳು. ಮುಳ್ಳು ನೋಡಿ ತಾನೇ ಬರೆಯುವಳು. ಗಂಗಾದೇವಿ ಮುಳ್ಳನ್ನೂ ಅಂಕಿಯನ್ನೂ ನೋಡಿ ಬದಿಗೆ ಸಹಿ ಹಾಕುವಳು.

ಇನ್ನೊಂದು ರೂಢಿಯನ್ನೂ ಶುರು ಮಾಡಿದಳು. ಬಸರಿಕೊಪ್ಪದ ಮಕ್ಕಳನ್ನು ಅಳೆಯುವ ದಿನ ಗಂಗಾದೇವಿಯ ಹೆಂಚಿನಲ್ಲಿ ಶೇಂಗಾ ಹುರಿದು, ಉಂಡೆ ಕಟ್ಟಿ, ಗಂಗಾದೇವಿಯ ಡಬ್ಬಿಯಲ್ಲಿ ತರುತ್ತಿದ್ದಳು. ಹದಿನೈದು ವರ್ಷದವರಿಗೆ ಈಗ ಉಂಡೆ ತಿನ್ನಿಸಿ ಏನು ಪುಣ್ಯ ಎಂದು ಗಂಗಾದೇವಿ ಚೇಷ್ಟೆ ಮಾಡಿದರೆ, "ಪುಣ್ಯಕ್ಕಲ್ಲ, ರುಚಿಗೆ" ಎನ್ನುತ್ತಿದ್ದಳು. ತೂಗಿದ ಮೇಲೆಯೇ ಕೊಡುವುದು, ಮೊದಲಲ್ಲ. ಅದರಲ್ಲಿ ಬಹಳ ಕಟ್ಟುನಿಟ್ಟು.

ಫೆಬ್ರುವರಿಗೆ ಒಂದೇ ಕಾರ್ಡು ಉಳಿದಿತ್ತು, ರೇಣವ್ವನದು. ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಅವಳು ಕೆಲಸದಲ್ಲಿರುತ್ತಿದ್ದಳು. ಹನ್ನೊಂದರ ಬುಧವಾರ ಇಬ್ಬರೂ ತೂಕದ ಮಣೆ ತೆಗೆದುಕೊಂಡು ಕಾರ್ಖಾನೆಗೇ ಹೋದರು. ಸ್ಟೇಷನ್ನಿನಿಂದ ನಡೆಯುವಾಗ ಮದರಬೀ ಎರಡು ಸಲ ನಿಂತಳು. "ಏನಾತು?" ಎಂದರೆ, "ಮಣಿ ಭಾರ ಐತಿ" ಎಂದಳು. ಮಣೆ ಗಂಗಾದೇವಿಯ ಕೈಯಲ್ಲಿತ್ತು.

ಊಟದ ಬಿಡುವಿನಲ್ಲಿ ಹೆಂಗಸರು ಹಂಚಿನ ಸಾಲುಗಳ ನೆರಳಿಗೆ ಕುಳಿತಿದ್ದರು. ಮೊಣಕೈತನಕ ಕೆಂಪು ಮಣ್ಣು ಮೆತ್ತಿಕೊಂಡು ರೇಣವ್ವ ನಗುತ್ತ ಎದ್ದು ಬಂದಳು. ಸಣ್ಣ ಆಳು. ಮದರಬೀ ಅವಳ ಗದ್ದ ಎತ್ತಿ ನೋಡಿ, "ಅವ್ವನ ನಗೀನ ಇದು" ಎಂದಳು.

ಹುಡುಗಿ ಮಣೆ ಹತ್ತುವ ಮುನ್ನ ಬಾಗಿ ಕಿವಿಯಲ್ಲಿ ಹೇಳಿದಳು. "ಬೂಬವ್ವ, ಅಕಾ ಅಲ್ಲಿ ಕುಂತಾಳಲ್ಲ ಹಸರ ಸೀರಿಯಾಕಿ, ನನ್ನ ಕೇಳಾಕ ಬಂದವರ ಕಡಿಯಾಕಿ. ಭಾಳ ಸೊರಗೇತಿ ಹುಡುಗಿ ಅಂತಾರ. ಒಂದ ಅರ್ಧಾ ಕಿಲೋ ಹೆಚ್ಚಿಗಿ ಕೂಗ್ರಿ."

ಗಂಗಾದೇವಿಗೆ ಅದು ಕೇಳಿಸಿತು. ಅವಳು ಮದರಬೀಯ ಮುಖ ನೋಡಿದಳು.

"ನಾ ಕೂಗೂದ ಬಿಟ್ಟೀನಿ ಮಗಳ" ಎಂದಳು ಮದರಬೀ. "ಹತ್ತು."

ಚಸ್ಮಾ ಏರಿಸಿ, ಮುಳ್ಳು ನಿಲ್ಲುವವರೆಗೂ ಕಾದಳು. ಹಸಿರು ಸೀರೆಯವಳು ಕತ್ತು ಚಾಚಿ "ಎಷ್ಟಾತ್ರಿ?" ಎಂದಳು. ಮದರಬೀ ಕೇಳಿಸದವಳಂತೆ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ತುಟಿಯಲ್ಲಿ ಹಿಡಿದು, ಮೊದಲು ೩, ಆಮೇಲೆ ನಿಧಾನವಾಗಿ, ಎಲ್ಲೂ ಕೈ ಎತ್ತದೆ, ೮ ಬರೆದಳು. ಗಂಗಾದೇವಿ ಸಹಿ ಹಾಕಿದಳು. ಮಸಿ ಆರಲೆಂದು ಮದರಬೀ ಊದಿದಳು. ಕಾರ್ಡನ್ನು ರೇಣವ್ವನಿಗೆ ಮಾತ್ರ ಕಾಣುವಂತೆ ಹಿಡಿದಳು.

"ಇಷ್ಟ ಏನ್ರಿ?" ಎಂದಳು ರೇಣವ್ವ ಮೆಲ್ಲಗೆ.

"ಇಷ್ಟ. ಇದು ನಿಂದು, ಯಾರಿಗೂ ಹೇಳಬ್ಯಾಡ." ಡಬ್ಬಿ ತೆಗೆದು ಎರಡು ಉಂಡೆ ಅವಳ ಮಣ್ಣಿನ ಕೈಯಲ್ಲಿಟ್ಟಳು. ಉಳಿದವನ್ನು ಹೆಂಗಸರಿಗೆ ಹಂಚಲು ಕೊಟ್ಟಳು, ಹಸಿರು ಸೀರೆಯವಳಿಗೆ ಮೊದಲು.

ಸಂಜೆಯ ರೈಲಿನಲ್ಲಿ ಅವಳು ಗಂಗಾದೇವಿಯ ಹೆಗಲಿಗೆ ತಲೆಯಿಟ್ಟು ಬೆಳಗಾವಿಯವರೆಗೂ ಮಲಗಿದಳು. ಸ್ಟೇಷನ್ನಿನಲ್ಲಿ ಡಬ್ಬಿಯನ್ನು ತಾನು ತೊಳೆದು ತರುವೆನೆಂದು ಗಂಗಾದೇವಿ ಕೇಳಿದರೆ ಕೊಡಲಿಲ್ಲ. ಮನೆಗೆ ಹೋದವಳು ಅನ್ನ ಬೇಡವೆಂದಳಂತೆ. ಸೊಸೆ ತೊಳೆಯಲು ಹೋದಾಗ, ಅದು ಬೇರೆ ನೀರಿನಲ್ಲಿ ತೊಳೆಯಬೇಕು ಎಂದು ತಾನೇ ಎದ್ದು ಬಚ್ಚಲಿಗೆ ಹೋದಳಂತೆ. ಮೂರೂ ಖಾನೆ ಬೇರೆ ಬೇರೆ ಮಾಡಿ, ಬೂದಿ ಹಚ್ಚಿ ತಿಕ್ಕಿ, ತೊಳೆದು, ಸೆರಗಿನಿಂದ ಒರೆಸಿ, ಎತ್ತರದ ಹಲಗೆಯ ಮೇಲೆ ಬೋರಲು ಹಾಕಿದಳು.